ಬೀಗರ ಹಾಡಿಗೆ ವಸ್ತು

ಆದವಾನಿಯ ಹತ್ತಿ ಪ್ರೆಸ್ಸಿನ ಗುಮಾಸ್ತ ಜಯತೀರ್ಥರಾಯರಿಗೆ ಕಾವ್ಯಸ್ಫೂರ್ತಿ ಬರಬೇಕಾದರೆ ಎದುರಿಗೆ ಮೂವತ್ತಡಿ ಅಗಲದ ಬಿಳಿ ಪರದೆ, ತಲೆಯ ಮೇಲೆ ಪ್ರೊಜೆಕ್ಟರಿನ ಬೆಳಕು, ಕೈಯಲ್ಲಿ ಬಿಸಿ ಶೇಂಗಾ ಇರಲೇಬೇಕಾಗಿತ್ತು. ಮನೆಯಲ್ಲಿ ಅವರಿಗೆ ನಿದ್ದೆಯ ಹೊರತು ಬೇರೇನೂ ಬರುತ್ತಿರಲಿಲ್ಲ.

ಹೀಗಿರುವಾಗ ಹೆಂಡತಿ ಅಂಬೂಬಾಯಿಯ ಅಣ್ಣನ ಎರಡನೆಯ ಮಗಳ ಮದುವೆ ಮಂತ್ರಾಲಯದಲ್ಲಿ ಗೊತ್ತಾಯಿತು. ಪಂಕ್ತಿಯಲ್ಲಿ ಉಣ್ಣಲು ಕೂತ ಬೀಗರನ್ನು ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲೇ ಬಯ್ಯುವುದು, ಅವರು ನಗುತ್ತ ಚಿರೋಟಿ ಮುರಿಯುವುದು, ಆಮೇಲೆ ಅವರ ಕಡೆಯವರು ತಿರುಗಿ ಬಯ್ಯುವುದು ಈ ಮನೆತನಗಳ ಪದ್ಧತಿ. ಮೊದಲನೆಯ ಮಗಳ ಮದುವೆಯಲ್ಲಿ ಅಂಬೂಬಾಯಿಯ ಹತ್ತಿರ ಇದ್ದದ್ದು ಅಜ್ಜಿಯ ಕಾಲದ ಒಂದೇ ಹಾಡು. ಎರಡನೆಯ ಸಾಲಿಗೆ ಬೀಗಿತ್ತಿಯರೂ ದನಿಗೂಡಿಸಿ ತಾವೇ ಹಾಡಿ ಮುಗಿಸಿಬಿಟ್ಟರು. ಆ ಅವಮಾನಕ್ಕೆ ಅಂಬೂಬಾಯಿ ಊಟ ಬಿಟ್ಟರು. (ರಾಯರು ಆಕೆಯ ಪಾಲಿನ ಚಿರೋಟಿಯನ್ನೂ ತಿಂದು ದುಃಖ ಹಂಚಿಕೊಂಡರು.)

"ಈ ಸಲ ಹೊಸಾ ಹಾಡು ಆಗಲಿಲ್ಲಂದ್ರ ನಾ ಮಂತ್ರಾಲಯಕ್ಕ ಬರಂಗಿಲ್ಲ," ಎಂದರು ಅಂಬೂಬಾಯಿ.

"ನಾ ಅದೀನಲ್ಲ, ಬಿಡು," ಎಂದ ರಾಯರು ಟಾಕೀಸಿಗೆ ಹೋಗಿ ಒಂದೇ ಚಿತ್ರವನ್ನು ಪರದೆ ಸವೆಯುವಷ್ಟು ಸಲ ನೋಡಿ ಬಂದು ಬರೆದರು. ಆ ಹಾಡಿನಲ್ಲಿ ಬೀಗರು ಕುದುರೆ ಏರಿ ಬಂದು ಗೋದಾಮಿಗೆ ಬೆಂಕಿಯಿಟ್ಟು, ಕೊನೆಯ ನುಡಿಯಲ್ಲಿ ಬಾಲ್ಯದಲ್ಲಿ ಕಳೆದುಹೋದ ತಮ್ಮನನ್ನು ಮಚ್ಚೆಯಿಂದ ಗುರುತಿಸಿದರು.

"ಅಲ್ರೀ, ಬೀಗರು ಪಾಠ ಹೇಳೋ ಆಚಾರ್ರು. ಕುದುರಿ ಎಲ್ಲಿಂದ ಬಂತು?"

"ಅದು ಕಲ್ಪನಾ."

"ನಿಮ್ಮ ಕಲ್ಪನಾ ಟಾಕೀಸಿನಾಗೇ ಬಿಟ್ಟು ಬರ್ರಿ. ಮನ್ಯಾಗ ಒಂಚೂರು ಕಣ್ಣು ತಗದು ನೋಡ್ರಿ, ಬೇಕಾದಷ್ಟು ಹಾಡು ಇಲ್ಲೇ ಬಿದ್ದಾವ."

ಮಾತು ರಾಯರಿಗೆ ನಾಟಿತು. ಅಂದಿನಿಂದ ಸಿನಿಮಾ ಬಂದ್. (ಟಾಕೀಸಿನ ಗೇಟಿನವ ಮನೆಗೇ ಬಂದು, ಸಾರ್ ಇಲ್ಲದೆ ಆಟ ಶುರು ಮಾಡುವುದು ಹೇಗೆಂದು ತೆಲುಗಿನಲ್ಲಿ ಕಣ್ಣೀರಿಟ್ಟನೆಂದು ರಾಯರೇ ಹೇಳುತ್ತಾರೆ.)

ಮೊದಲ ಸ್ಫೂರ್ತಿ ಅಡುಗೆಮನೆಯಲ್ಲಿ. "ಹಾಲಿನ ಕಡಿ ನೋಡ್ತಿರ್ರಿ," ಎಂದು ಅಂಬೂಬಾಯಿ ನೀರು ತರಲು ನಳಕ್ಕೆ ಹೋದರು. ರಾಯರು ರೆಪ್ಪೆ ಬಡಿಯದೆ ನೋಡಿದರು. ಹಾಲು ಉಬ್ಬಿತು, ಎದ್ದಿತು, ಕಿರೀಟ ಕಟ್ಟಿತು, ಸ್ಟೋವ್ ಆರಿಸಿ ಮೋರಿಯ ದಾರಿ ಹಿಡಿಯಿತು.

"ನೋಡ್ತಿರ್ರಿ ಅಂದಿದ್ದೆನಲ್ರೀ!"

"ನೋಡೀನಲ್ಲ. ಅಂಥಾದ್ದು ಜನ್ಮದಾಗ ನೋಡಿರ್ಲಿಲ್ಲ."

ಆಮೇಲೆ ಮಾಳಿಗೆ. ಒಣಗಲು ಹಾಕಿದ ಸಂಡಿಗೆಗೆ ಕೋಲು ಹಿಡಿದು ಕಾವಲು ಕೂತರು. ಗುಡ್ಡದಿಂದ ಒಂದು ಕೋತಿ ಇಳಿದು ಬಂತು. ಅದರ ಮುಖದ ವೈರಾಗ್ಯಕ್ಕೆ ಉಪಮೆ ಹುಡುಕುತ್ತ ರಾಯರು ಮೈಮರೆತರು. ಅಂಬೂಬಾಯಿ ಮೇಲೆ ಬಂದಾಗ ಕೋಲು ಕೋತಿಯ ಕೈಯಲ್ಲಿತ್ತು. ರಾಯರು ಮೆಟ್ಟಿಲ ಮೇಲೆ ನಿಂತು ಒಳಬರಲು ಅದರ ಅಪ್ಪಣೆಗೆ ಕಾಯುತ್ತಿದ್ದರು.

ಇಷ್ಟಾದರೂ ಒಂದು ಸಾಲೂ ಹುಟ್ಟಲಿಲ್ಲ. ಮದುವೆಗೆ ಹೊರಟ ಬಸ್ಸಿನಲ್ಲಿ ರಾಯರು ಒಪ್ಪಿಕೊಂಡರು: "ಅಂಬೂ, ಏನೂ ಹೊಳೀಲಿಲ್ಲ."

"ಇರ್ಲಿ ಬಿಡ್ರಿ. ನನಗ ಹೊಳದದ," ಎಂದರು ಅಂಬೂಬಾಯಿ, ಕಿಟಕಿಯ ಹೊರಗೆ ನೋಡುತ್ತ.

ಪಂಕ್ತಿ ಕೂತಿತು. ಬೀಗರ ಪಕ್ಕದ ಎಲೆಯೇ ರಾಯರದು. ಅಂಬೂಬಾಯಿ ಗಂಟಲು ಸರಿಮಾಡಿಕೊಂಡು ಎತ್ತಿದರು, ಹೆಂಗಸರ ಮೇಳ ದನಿಗೂಡಿಸಿತು:

ಹಾಲು ನೋಡೆಂದರ ನೋಡುತ್ತ ಕುಂತಾರ
ಹಾಲು ಮೋರೀಗೆ ಹರದಾವ, ಬೀಗರು
ಕಾಲೆತ್ತಿ ದಾರಿ ಬಿಡತಾರ

ಕೋಲು ಕೋತಿಯ ಕೈಗೆ ಕೊಟ್ಟಾರ ಬೀಗರು
ಮೇಲಿನ ಸಂಡಿಗಿ ತಿನಿಸ್ಯಾರ, ಅದರ ಮುಂದ
ಸಾಲಿ ಹುಡುಗರಂಗ ನಿಂತಾರ

ಆದವಾನಿಯ ಅಷ್ಟೂ ಜನ ಬೀಗರನ್ನು ಬಿಟ್ಟು ರಾಯರನ್ನೇ ನೋಡಿದರು. ರಾಯರು ಎಲೆಯ ಮೇಲಿನ ಉಪ್ಪನ್ನು ಬಹಳ ಶ್ರದ್ಧೆಯಿಂದ ನೋಡಿದರು. ಆದರೆ ಬೀಗರ ಮುಖವೂ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟು ಹೆಂಡತಿಯತ್ತ ತಿರುಗಿದರು: "ನಮ್ಮನಿ ಮಾತು ಇವರಿಗೆ ಯಾರು ಹೇಳಿದ್ರು?"

ಬೀಗಿತ್ತಿ ತುಳಸಿಬಾಯಿ ತುಂಬಿದ ಪಂಕ್ತಿಯಲ್ಲಿ ಎದ್ದು ನಿಂತರು. "ಆಣಿಮಾಡಿ ಹೇಳ್ತೀನಿ, ನಾ ಹೇಳಿಲ್ಲ! ಹಾಲಿಂದು ಖರೇ ಅದ. ಕೋತೀದು ಮಾತ್ರ ನನಗೂ ಇವತ್ತೇ ಗೊತ್ತಾಗಿದ್ದು!"

ಬೀಗರ ಕಡೆಯಿಂದ ಉತ್ತರದ ಹಾಡೇ ಬರಲಿಲ್ಲ. ಅಂಬೂಬಾಯಿ ಎರಡು ಸಲ ಚಿರೋಟಿ ಹಾಕಿಸಿಕೊಂಡರು. ಆಕೆಯ ಕೀರ್ತಿ ತುಂಗಭದ್ರೆ ದಾಟಿತು. ಇತ್ತ ಆಲೂರಿನ ಒಂದು ಮದುವೆಗೂ ಕರೆ ಬಂತು. "ಹಾಡಿನ ಮೇಳದ ಸಂಗಡ ರಾಯರನ್ನೂ ಕರ್ಕೊಂಡು ಬರ್ರಿ, ನಮ್ಮ ಹೆಣ್ಮಕ್ಕಳು ಒಮ್ಮೆ ನೋಡಬೇಕಂತಾರ," ಎಂದು ಬೇರೆ ಹೇಳಿ ಕಳಿಸಿದರು.

ಮರ್ಯಾದೆ ಉಳಿಸಿಕೊಳ್ಳಲು ರಾಯರಿಗೆ ಉಳಿದದ್ದು ಒಂದೇ ದಾರಿ: ತಪ್ಪೇ ಮಾಡದಿರುವುದು. ಹಾಸಿಗೆ ಮಡಿಸಿದರು, ಹೇಳಿದ ತರಕಾರಿಯನ್ನೇ ತಂದರು, ಸ್ನಾನಕ್ಕೆ ಹೋಗುವಾಗ ಪಂಚೆ ಒಯ್ದರು. ಅಂಬೂಬಾಯಿಯ ಮುಖ ಬಾಡುತ್ತ ಬಂತು.

"ಅಲ್ರೀ, ನಾಳೆ ಆಲೂರಿಗೆ ಹೋಗಬೇಕು. ನೀವು ಹಿಂಗ ನೆಟ್ಟಗಿದ್ರ ನಾ ಏನು ಹಾಡ್ಲಿ? ಒಂದು ಮನಿತನದ ಮರ್ಯಾದಿ ಅದ ಇದರಾಗ!"

ರಾಯರು ಮುಗುಳ್ನಕ್ಕು ಪಂಚೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟರು. ಅಂಬೂಬಾಯಿ ಒಳಗೆ ಹೋಗಿ ಒಂದು ಮೊಳೆ, ಒಂದು ಸುತ್ತಿಗೆ ತಂದು ಅವರ ಕೈಗಿಟ್ಟರು.

"ಆತು ಬಿಡ್ರಿ. ಈ ಗ್ವಾಡಿಗೆ ಒಂದು ಮೊಳಿ ಹೊಡದು ಕೊಡ್ರಿ, ಸಾಕು."

ಮೊಳೆಯೊಂದನ್ನು ಹೊಡೆಯುವುದರಲ್ಲಿ ಅಂಥಾ ಅಪಾಯವೇನು? ರಾಯರು ಸ್ಟೂಲು ಹತ್ತಿ ಸುತ್ತಿಗೆ ಎತ್ತಿದರು. ಹಿಂದೆ ಚಾಪೆ ಹಾಸಿದ ಸದ್ದಾಯಿತು. ತಿರುಗಿ ನೋಡಿದರೆ ಮೇಳದ ಹೆಂಗಸರೆಲ್ಲ ಸಾಲಾಗಿ ಕೂತು ಆಗಲೇ ಶ್ರುತಿ ಹಿಡಿದಿದ್ದರು.