ನನ್ನ ಮೂಗು, ಅವರ ಮಷೀನು

ನಾನು ತೆಪ್ಪಗಿದ್ದರೂ ಇಂಥ ಪೇಚುಗಳು ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಮೈಸೂರಲ್ಲಿ ನಲವತ್ತು ವರ್ಷ ಪಾತ್ರೆಗೆ ಕಲಾಯಿ ಹಾಕಿದವನು ನಾನು. ಸ್ಕೂಲಿನ ಮೆಟ್ಟಿಲು ಹತ್ತಿಲ್ಲ. ಆದರೆ ಮೂರು ಬೀದಿ ಆಚೆ ತಾಮ್ರದ ಹಂಡೆ ಇದ್ದರೂ ಮೂಗಿನಲ್ಲೇ ಹೇಳಿಬಿಡುತ್ತಿದ್ದೆ. ಈಗ ಜಪಾನಿನ ಗ್ಯೋಟೋಕು ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ಮೂಗಿನ ಸಂಗತಿ ಮೊಮ್ಮಗಳಿಗೆ ಹೇಳಿದ್ದೇ ತಪ್ಪಾಯಿತು. "ಸೋಮವಾರ ನಮ್ಮ ತಾತ ಮಣ್ಣಲ್ಲೇ ಹುಟ್ಟಿದ ತಾಮ್ರ ತಂದುಕೊಡ್ತಾರೆ" ಅಂತ ಕ್ಲಾಸಿನಲ್ಲಿ ಎದ್ದುನಿಂತು ಹೇಳಿಬಂದಳು.

"ಸಿಗದಿದ್ರೆ?" ಅಂದೆ.

"ಎಲ್ರೂ ನನ್ನ ಸುಳ್ಳುಬುರುಕಿ ಅಂತಾರೆ, ತಾತ."

ಅಳಿಯನನ್ನು ಹುಡುಕಿಕೊಂಡು ಹೋದೆ.

೧. ಗಂಟೆ

ಅಳಿಯನ ಆಫೀಸಿನ ಜಪಾನಿ ಗೆಳೆಯರೊಬ್ಬರಿಗೆ ಲೋಹ ಹುಡುಕುವ ಮಷೀನಿನ ಹುಚ್ಚು. ಶನಿವಾರ ನಮ್ಮನ್ನೆಲ್ಲ ಕಾರಲ್ಲಿ ಹಾಕಿಕೊಂಡು, ಹಿಂದೆ ತಾಮ್ರದ ಗಣಿ ಇದ್ದ ಬೆಟ್ಟದ ಬುಡಕ್ಕೆ ಕರೆದೊಯ್ದರು. ಜಾಗದವರ ಒಪ್ಪಿಗೆ ಮೊದಲೇ ಪಡೆದಿದ್ದರು. ಇಳಿದ ಕೂಡಲೇ ನಮ್ಮೆಲ್ಲರ ಚೀಲಕ್ಕೂ ಒಂದೊಂದು ಗಂಟೆ ಕಟ್ಟಿದರು.

"ನಾನೇನು ಎತ್ತೇನಯ್ಯಾ?" ಅಂದೆ ಅಳಿಯನಿಗೆ.

"ಇಲ್ಲಿ ಕರಡಿ ಇವೆಯಂತೆ ಮಾವ. ಸದ್ದು ಕೇಳಿದ್ರೆ ದೂರ ಹೋಗ್ತವೆ."

ಕುಲುಮೆ ಹತ್ತಿರ ಬಂದ ಚಿರತೆಯನ್ನು ಬರೀ ಇಕ್ಕಳದಲ್ಲಿ ಓಡಿಸಿದ ಕಥೆ ಆಗಷ್ಟೇ ಕಾರಲ್ಲಿ ಹೇಳಿ ಮುಗಿಸಿದ್ದೆ. ಮೊಮ್ಮಗಳು ತಿರುಗಿ ನೋಡುವಷ್ಟರಲ್ಲಿ ನನ್ನ ಚೀಲದಲ್ಲಿ ಮೂರು ಗಂಟೆ ಇದ್ದವು: ನನ್ನದು, ಅಳಿಯನದು, ಅವಳದು!

೨. ತಾಯಿತ

ಮಷೀನು ನೆಲದ ಮೇಲೆ ಆಡುತ್ತಿತ್ತು. ನಾನು ಗಂಟೆ ಚೀಲವನ್ನು ಮರಕ್ಕೆ ನೇತುಹಾಕಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಮಣ್ಣು ಮೂಸುತ್ತಿದ್ದೆ. ಕುಂಯ್! ಜಪಾನಿ ಗೆಳೆಯರು ಅಗೆದರು, ಏನೂ ಇಲ್ಲ. ನಾಲ್ಕು ಹೆಜ್ಜೆ ಸರಿದು ಕೂತೆ. ಅಲ್ಲೂ ಕುಂಯ್!

"ನೋಡಿದ್ರಾ, ನಾನು ಕೂತ ಕಡೆಯೆಲ್ಲ ತಾಮ್ರ!" ಅಂತ ಮೀಸೆ ತಿರುವಿದೆ.

ಏಳು ಗುಂಡಿ ತೋಡಿ, ಏಳನ್ನೂ ನೀಟಾಗಿ ಮುಚ್ಚಿದ ಮೇಲೆ ಆ ಪುಣ್ಯಾತ್ಮರು "ಸುಮಿಮಾಸೆನ್" ಅಂತ ಕ್ಷಮೆ ಕೇಳಿ ಬಗ್ಗಿ, ಮಷೀನನ್ನು ನನ್ನ ಸೊಂಟಕ್ಕೆ ಹಿಡಿದರು. ಕುಂಯ್ಯೋ ಕುಂಯ್! ಉಡಿದಾರದಲ್ಲಿ ನಮ್ಮವ್ವ ಕಟ್ಟಿದ್ದ ತಾಮ್ರದ ತಾಯಿತ.

ಅಳಿಯ ಹೇಳಿದ, "ಸೋಮವಾರ ನಿಮ್ಮನ್ನೇ ಸ್ಕೂಲಿಗೆ ಕಳಿಸಿಬಿಡೋಣ ಮಾವ."

೩. ಕಲ್ಲು

ಹೊತ್ತು ಇಳಿಯಿತು. ಮೊಮ್ಮಗಳು ತಾಮ್ರಕ್ಕೆಂದು ತಂದಿದ್ದ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಅವಳ ಮುಖ ನೋಡಲಾಗದೆ, ಬೆಳಗ್ಗೆಯಿಂದ ದಣಿವಾದಾಗಲೆಲ್ಲ ಕೂರುತ್ತಿದ್ದ, ಪುಳಿಯೋಗರೆಯನ್ನೂ ಕೂತು ತಿಂದಿದ್ದ ಪಾಚಿಗಲ್ಲಿನ ಮೇಲೆ ಕುಸಿದೆ. ಜಪಾನಿ ಗೆಳೆಯರು ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಷೀನು ಹಿಡಿದು ಬಂದರು. ಕುಂಯ್!

"ತಾತಾ, ತಾಯಿತ!"

"ಅಲ್ಲಿ ಮರಕ್ಕೆ ನೇತುಹಾಕಿದ ಚೀಲದಲ್ಲಿದೆ ಕಣಮ್ಮ."

"ಏಳಿ ಮಾವ, ಏಳಿ!"

ಎದ್ದೆ. ಕಲ್ಲಿನ ಮೇಲೆ ಮಷೀನು ಕಿರುಚಿಕೊಂಡಿತು. ಚಾಕುವಿನಲ್ಲಿ ಕೆರೆದೆ. ಪಾಚಿಯಲ್ಲ, ಕಿಲುಬು! ನಲವತ್ತು ವರ್ಷ ಕಿಲುಬು ಉಜ್ಜಿದವನು ಅದರ ಮೇಲೇ ಕೂತು ಊಟ ಮಾಡಿದ್ದೆ. ಸುತ್ತಿಗೆಯಲ್ಲಿ ಬಡಿದರೆ ಕಲ್ಲು ಒಡೆಯಿತು, ಒಳಗಿನ ನಿಂಬೆಹಣ್ಣಿನಷ್ಟು ಉಂಡೆ ಒಡೆಯಲಿಲ್ಲ, ಬರೀ ತಗ್ಗಾಯಿತು. ಅಪ್ಪಟ ತಾಮ್ರ! ಅಬ್ಬಾ, ಹೋದ ಜೀವ ಬಂತು.

ಮೊಮ್ಮಗಳು ಅದನ್ನು ಎದೆಗವಚಿಕೊಂಡು ಕೇಳಿದಳು, "ಬೆಳಗ್ಗೆಯಿಂದ ಇದರ ಮೇಲೇ ಕೂತಿದ್ರಲ್ಲ ತಾತ, ಮೂಗಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಿಲ್ದೆ ಏನಮ್ಮ? ಕರಡಿ ಎತ್ಕೊಂಡು ಹೋಗ್ಬಾರ್ದು ಅಂತ ಕಾಯ್ತಾ ಕೂತಿದ್ದೆ!"