ಮೇಷ್ಟ್ರು ಬೆಳೆದ ರಾಗಿ

ಮೂವತ್ತು ವರ್ಷ ಪಾಠ ಹೇಳಿದೆ. ಅಷ್ಟೂ ವರ್ಷ ನನಗೆ ಪಾಠ ಕಲಿಸುವವರು ಒಬ್ಬರಲ್ಲ ಒಬ್ಬರು ಸಿಗುತ್ತಲೇ ಇದ್ದರು. ಮೊದಲು ಸಿಕ್ಕಿದ್ದು ಐವತ್ತರ ದಶಕದಲ್ಲಿ, ಹುಣಸಮಾರನಹಳ್ಳಿಯಿಂದಾಚೆಗಿನ ಒಂದು ಊರಿನಲ್ಲಿ. ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬನೇ ಮೇಷ್ಟ್ರು. ಐದನೇ ತರಗತಿಗೆ ಯಲಹಂಕಕ್ಕೆ ನಡೆಯಬೇಕು. ಹುಡುಗರು ನಡೆಯುತ್ತಿದ್ದರು, ಹುಡುಗಿಯರು ಮನೆಯಲ್ಲೇ ಉಳಿಯುತ್ತಿದ್ದರು.

ನಾಲ್ಕನೇ ತರಗತಿಯಲ್ಲಿ ಒಬ್ಬಳಿದ್ದಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಅವಳ ಸ್ಲೇಟಿನಲ್ಲಿ ಉತ್ತರವಿರುತ್ತಿತ್ತು. ಅವಳ ಓದು ಆ ವರ್ಷಕ್ಕೆ ಮುಗಿಯಿತಲ್ಲ ಎಂದು ನೆನೆದರೆ ಸಂಕಟವಾಗುತ್ತಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಮೆಚ್ಚಿ ಬರೆದರೆ ಐದನೇ ತರಗತಿಯೂ ಇನ್ನೊಬ್ಬ ಮೇಷ್ಟ್ರೂ ಬರಬಹುದೆಂದು ಯಾರೋ ಹೇಳಿದರು. ಸರಿ, ಪಾಠದ ಜೊತೆಗೆ ನೂಲುವುದು, ತೋಟ ಎಲ್ಲ ಶುರುಮಾಡಿದೆ.

ರಜಾ ಅರ್ಜಿ

ಶನಿವಾರ ತಕಲಿಯಲ್ಲಿ ನೂಲುವ ಪಾಠ. ಒಂದು ಶನಿವಾರ ಆ ಹುಡುಗಿಯ ಅಜ್ಜಿ ಬಂದರು. ಮೊಮ್ಮಗಳು ಓದಿದ್ದು ಸಾಕು, ಮನೆಯಲ್ಲಿ ಕೆಲಸವಿದೆ, ಕರೆದುಕೊಂಡು ಹೋಗುತ್ತೇನೆ ಎಂದರು. ಆಗ ನನ್ನ ಕೈಯಲ್ಲಿ ಎಳೆ ಪಟಪಟ ಹರಿಯುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು, ತಡೆಯಲಾಗಲಿಲ್ಲ. ತಕಲಿ ಕಿತ್ತುಕೊಂಡು ಕೂತು, ಎಲೆಅಡಿಕೆ ಮೆಲ್ಲುತ್ತ, ಹರಿಯದ ನೂಲು ತೆಗೆದರು.

ಮುಂದಿನ ಶನಿವಾರ ಗಂಟೆ ಹೊಡೆಯುವ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊಮ್ಮಗಳನ್ನು ಬಿಡಿಸುವ ಮಾತು ಮತ್ತೆ ಬರಲಿಲ್ಲ. ನಾನು ಯಲಹಂಕದ ಮಾತೆತ್ತಿದರೆ ಮಾತ್ರ, "ಅಷ್ಟು ದೂರ ಎಣ್ಮಗೀನ ಕಳ್ಸಕಾಗಲ್ಲ ಸೋಮಿ" ಎನ್ನುತ್ತಿದ್ದರು.

ಒಂದು ವಾರ ಅಜ್ಜಿ ಕಾಣಲಿಲ್ಲ. ಮೊಮ್ಮಗಳು ಚೀಟಿ ಕೊಟ್ಟಳು. ಅಕ್ಷರ ಅವಳದು, ಕೆಳಗೆ ಅಜ್ಜಿಯ ಹೆಬ್ಬೆಟ್ಟು: ನನಗೆ ಜ್ವರ ಬಂದಿರುವುದರಿಂದ ಈ ಒಂದು ದಿನ ರಜಾ ಕೊಡಬೇಕಾಗಿ ಪ್ರಾರ್ಥನೆ. ಮಂಜೂರು ಮಾಡಿದೆ.

ಕಳೆ ಕಿತ್ತದ್ದು

ನಾನು ಮಲ್ಲೇಶ್ವರದವನು. ರಾಗಿಯನ್ನು ಮುದ್ದೆಯಾಗಿ ಮಾತ್ರ ನೋಡಿದ್ದೆ, ಅದೂ ಅಪರೂಪಕ್ಕೆ. ಅಂಥವನು ರೈತರ ಮಕ್ಕಳಿಗೆ ರಾಗಿ ಬೆಳೆಯುವುದನ್ನು ಕಲಿಸಲು ಹೊರಟೆ. ಸ್ಕೇಲು ಹಿಡಿದು ಸಾಲು ಹಾಕಿಸಿದೆ. ಪೈರು ಬಂದಾಗ ಯಾವುದು ಕಳೆಯೆಂದು ನಾನೇ ಬೆರಳು ತೋರಿಸಿ ಕೀಳಿಸಿದೆ. ಉಳಿದದ್ದಕ್ಕೆ ಮಕ್ಕಳು ದಿನವೂ ಬಾವಿಯಿಂದ ನೀರು ಹೊತ್ತು ಹಾಕಿದರು.

ತೆನೆ ಬಂದ ದಿನ ಹಿಗ್ಗಿಹೋದೆ. ಕೊಯ್ಲು ಯಾವಾಗ ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ನೆಲ ನೋಡಿದಳು.

"ರಾಗೀನ ನೀವೇ ಕೀಳ್ಸಿಬಿಟ್ರಲ್ಲ ಮೇಷ್ಟ್ರೆ. ಇದು ಉಲ್ಲು."

ಮತ್ತೆ ಯಾಕೆ ಹೇಳಲಿಲ್ಲ ಎಂದೆ. ಮೇಷ್ಟ್ರಿಗೆ ಎದುರು ಮಾತಾಡಬಾರದು ಅಂತ ಅಜ್ಜಿ ಹೇಳಿದ್ದಾರಂತೆ. ಕಿತ್ತ ರಾಗಿ ಏನಾಯಿತು ಎಂದು ಕೇಳಿದ್ದಕ್ಕೆ ಮುಖ ಅರಳಿತು.

"ಅಜ್ಜಿ ನಮ್ಮೊಲದಾಗೆ ನೆಟ್ಟೈತೆ. ಬೋ ಚೆನ್ನಾಗಿ ಬಂದೈತೆ ಮೇಷ್ಟ್ರೆ."

ಸಾಹೇಬರ ವರದಿ

ಆ ಹುಲ್ಲನ್ನು ಕಿತ್ತೆಸೆಯಲೂ ಪುರುಸೊತ್ತಾಗಲಿಲ್ಲ. ಮಾರನೆಯ ದಿನವೇ ಇನ್ಸ್‌ಪೆಕ್ಟರ್ ಸಾಹೇಬರು ಸೈಕಲ್ಲಿನಿಂದ ಇಳಿದರು. ನೂಲು ನೋಡಿ ಮೆಚ್ಚಿದರು. ಅದು ಯಾರ ಕೈಯದೆಂದು ನಾನು ಬಾಯಿ ಬಿಡಲಿಲ್ಲ. ಆಮೇಲೆ ತೋಟಕ್ಕೆ ನಡೆದರು. ಇದು ಯಾವ ಬೆಳೆಯಮ್ಮ ಎಂದು ಅದೇ ಹುಡುಗಿಯನ್ನು ಕೇಳಿದರು.

"ಮೇಷ್ಟ್ರು ಬೆಳೆದಿದ್ದು ಸಾ."

ಅದು ಸರಿ, ಯಾವ ಬೆಳೆ ಎಂದರು.

"ಮೇಷ್ಟ್ರಿಗೇ ಗೊತ್ತು ಸಾ."

ಸಾಹೇಬರು ನನ್ನತ್ತ ತಿರುಗಿದರು. ಐದನೇ ತರಗತಿಯ ಆಸೆಗೆ ರಾಗಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಕ್ಕಳೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಹುಲ್ಲು ಸಾರ್ ಎಂದುಬಿಟ್ಟೆ. ರಾಗಿ ಕಿತ್ತದ್ದು, ಅಜ್ಜಿ ನೆಟ್ಟದ್ದು, ಎಲ್ಲ ಹೇಳಿದೆ. ಅವರು ಬೇಲಿ ದಾಟಿ ಅಜ್ಜಿಯ ಹೊಲಕ್ಕೆ ಹೋಗಿ ನೋಡಿ ಬಂದರು, ಬರೆದುಕೊಂಡರು, ಹೊರಟರು. ಎಲ್ಲ ಕೈಬಿಟ್ಟು ಹೋಯಿತೆಂದು ಆ ದಿನ ನನಗೆ ಊಟ ಸೇರಲಿಲ್ಲ.

ತಿಂಗಳ ಮೇಲೆ ವರದಿಯ ಪ್ರತಿ ಬಂತು. ಈ ಶಾಲೆಯಲ್ಲಿ ಮೇಷ್ಟ್ರಿಗಿಂತ ಮಕ್ಕಳಿಗೇ ಹೆಚ್ಚು ತಿಳಿದಿದೆ. ಆದ್ದರಿಂದ ಇಲ್ಲಿಗೆ ತುರ್ತಾಗಿ ಇನ್ನೊಬ್ಬ ಮೇಷ್ಟ್ರು ಬೇಕು, ಐದನೇ ತರಗತಿಯನ್ನೂ ತೆರೆಯಬಹುದು ಎಂದು ಬರೆದಿದ್ದರು.

ಮುಂದಿನ ಜೂನ್‌ನಲ್ಲಿ ಅಜ್ಜಿಯೇ ಮೊಮ್ಮಗಳ ಕೈ ಹಿಡಿದು ಬಂದು ಐದನೇ ತರಗತಿಗೆ ಸೇರಿಸಿದರು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಸ್ವಲ್ಪ ದಿನಕ್ಕೆ ಹೊಸ ಮೇಷ್ಟ್ರೂ ಬಂದರು, ಬಸವನಗುಡಿಯವರು. ತೋಟದಲ್ಲಿ ಆಗತಾನೆ ಎದ್ದ ರಾಗಿಯ ಪೈರು ನೋಡಿ, ಭತ್ತ ಚೆನ್ನಾಗಿ ಬಂದಿದೆಯಲ್ಲ ಎಂದರು.

ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಎದ್ರು ಮಾತಾಡ್ಲಾ ಮೇಷ್ಟ್ರೆ?"