ಅತ್ತೆಯವರು ನನ್ನನ್ನು ಪಾಸು ಮಾಡಿಸಿದ್ದು

ಫೇಲಾಗುವುದಕ್ಕೂ ಒಂದು ಮರ್ಯಾದೆ ಬೇಕು. ಹೃದಯದ ಕವಾಟಗಳನ್ನು ಅದಲುಬದಲು ಬರೆದು ಫೇಲಾದವನನ್ನು ಜನ ಒಂದು ಬಗೆಯ ಗೌರವದಿಂದ ನೋಡುತ್ತಾರೆ. ಪಾಪ, ಕಷ್ಟದ ವಿಷಯ. ಔಷಧದ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚು ಹಾಕಿ ಫೇಲಾದವನಿಗೂ (ಅವನ ಸೂಜಿಗೆ ಯಾರೂ ತೋಳು ಕೊಡದಿದ್ದರೂ) ಸಮಾಧಾನ ಹೇಳುವವರಿರುತ್ತಾರೆ. ನಾನು ಫೇಲಾದದ್ದು ಮಾತಾಡುವುದರಲ್ಲಿ.

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ಫಲಿತಾಂಶದ ಹಾಳೆಯಲ್ಲಿ ಶರೀರಶಾಸ್ತ್ರ, ಔಷಧ, ಸೋಂಕು ತಡೆ, ಎಲ್ಲದರ ಮುಂದೆಯೂ ‘ತೃಪ್ತಿಕರ’ ಎಂದಿತ್ತು. ‘ರೋಗಿಯೊಡನೆ ಸಂವಹನ’ ಎಂಬುದರ ಮುಂದೆ ಮಾತ್ರ ‘ಕನಿಷ್ಠ ಮಟ್ಟಕ್ಕಿಂತ ಕೆಳಗೆ’. ಹೆಂಡತಿ ಅದನ್ನು ಎರಡು ಸಲ ಓದಿದಳು.

“ಇದನ್ನ ನನ್ನ ಕೇಳಿದ್ದಿದ್ರೆ ಮದುವೆಯಾದ ವಾರದಲ್ಲೇ ಬರೆದು ಸಹಿ ಹಾಕಿ ಕೊಡ್ತಿದ್ದೆ” ಎಂದಳು.

ಪ್ರಶ್ನೆಗಳು ಹೇಗಿದ್ದವು ಎಂದು ನಿಮಗೂ ಒಂದು ತೋರಿಸುತ್ತೇನೆ. ರೋಗಿ ಕೇಳುತ್ತಾನೆ: ‘ನಾನು ಬದುಕ್ತೀನಾ?’ ನೀವು ಏನು ಹೇಳುತ್ತೀರಿ? ಒಂದು: ‘ಏನೂ ಆಗಲ್ಲ, ಧೈರ್ಯವಾಗಿರಿ.’ ಎರಡು: ‘ಡಾಕ್ಟರನ್ನು ಕೇಳಿ.’ ಮೂರು: ‘ಆ ಯೋಚನೆ ನಿಮ್ಮನ್ನು ಕಾಡುತ್ತಿದೆ. ಅದರ ಬಗ್ಗೆ ಹೇಳಿ.’ ನಾಲ್ಕು: ‘ಎಲ್ಲರೂ ಒಂದು ದಿನ ಹೋಗುವವರೇ.’ ನಾನು ನಿಸ್ಸಂಕೋಚವಾಗಿ ಒಂದನೆಯದಕ್ಕೆ ಗುರುತು ಹಾಕಿದೆ. ಅಂಥವು ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಇಪ್ಪತ್ತೆರಡಕ್ಕೂ ಧೈರ್ಯ ತುಂಬಿ ಬಂದೆ. ಮೊಣಕಾಲು ತರಚಿದರೂ ಅದೇ ಮಾತು, ಮನೆ ಹೊತ್ತಿ ಉರಿದರೂ ಅದೇ ಮಾತು, ಹಾಗೆ ಬೆಳೆದವನು ನಾನು. ಅದು ಸುಳ್ಳು ಭರವಸೆ, ರೋಗಿಯ ಬಾಯಿ ಮುಚ್ಚಿಸುವ ಉಪಾಯ ಎಂದು ಪುಸ್ತಕ ಹೇಳುತ್ತದಂತೆ. ಪುಸ್ತಕ ನನ್ನ ಬಳಿಯೂ ಇತ್ತು. ಆ ಅಧ್ಯಾಯ ಸುಲಭವೆಂದು ಬಿಟ್ಟಿದ್ದೆ.

ಆಸ್ಪತ್ರೆಯಲ್ಲಿ ನನ್ನದು ತಾತ್ಕಾಲಿಕ ನೌಕರಿ. ಲೈಸೆನ್ಸಿಲ್ಲದ ಗಂಡು ನರ್ಸಾದ್ದರಿಂದ ವಾರ್ಡಿನವರು ನನಗಿಟ್ಟ ಹೆಸರು ‘ಅರ್ಧ ಬ್ರದರ್’. ನಮ್ಮೆಲ್ಲರ ಮೇಲಿನ ದೊಡ್ಡ ಸಿಸ್ಟರ್ ನನ್ನನ್ನು ಕರೆಸಿ, “ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆ. ಅದೂ ಹೋಯ್ತು ಅಂದ್ರೆ ವಾರ್ಡಲ್ಲಿ ಇಟ್ಕೊಳ್ಳೋಕಾಗಲ್ಲ. ಸ್ಟೋರ್ ರೂಮಲ್ಲಿ ಬೆಡ್‌ಶೀಟ್ ಮಡಚೋ ಕೆಲಸ ಖಾಲಿ ಇದೆ. ಬೆಡ್‌ಶೀಟ್ ಜೊತೆ ಮಾತಾಡಬೇಕಾಗಿಲ್ಲ” ಎಂದರು.

ನನ್ನ ಉದ್ಧಾರದ ಹೊಣೆ ಹೊತ್ತವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಹೆಂಡತಿಗೆ ಬಿಡುವಿಲ್ಲ, ಅವಳು ಶೂ ಕಾರ್ಖಾನೆಯಲ್ಲಿ ಹೊಲಿಗೆಯ ತಪ್ಪು ಹುಡುಕುವ ವಿಭಾಗದಲ್ಲಿದ್ದಾಳೆ. (ಅಲ್ಲಿ ಅದಕ್ಕೆ ಸಂಬಳವಿದೆ. ಮನೆಯಲ್ಲಿ ಪುಕ್ಕಟೆ.) ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಜಗಳ, ಪ್ರೇಮ, ಸಾವು ಎಲ್ಲ ಅವರ ಕಿವಿಯ ಮೂಲಕವೇ ಹಾದುಹೋಗಬೇಕಾಗಿತ್ತು, ನಡುವೆ ಒಂದು ಮಾತೂ ಆಡುವಂತಿರಲಿಲ್ಲ. ನಿವೃತ್ತರಾದ ಮೇಲೆ ಆ ಮೂವತ್ತೊಂದು ವರ್ಷದ ಬಾಕಿಯನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. ನಾನು ಮುನ್ನೂರು ರಟ್ಟಿನ ಕಾರ್ಡುಗಳ ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದು ಮಗ್ಗುಲಿಗೆ ಉತ್ತರ ಬರೆದೆ. ಬೆಳಗಿನ ಪಾಳಿ ಮುಗಿಸಿ ಬಂದ ಮೇಲೆ ದಿನವೂ ನಾಲ್ಕು ಗಂಟೆಗೆ ಅತ್ತೆ ಮಂಚದ ಮೇಲೆ ದಿಂಬಿಗೊರಗಿ ಕೂತು ಕಾರ್ಡು ಎತ್ತುವುದು, ನಾನು ಕೈ ಹಿಂದೆ ಕಟ್ಟಿಕೊಂಡು ಕೋಣೆಯಲ್ಲಿ ಆ ಕಡೆಗೂ ಈ ಕಡೆಗೂ ನಡೆಯುತ್ತ ಉತ್ತರಿಸುವುದು.

ಇಲ್ಲಿ ನಿಮ್ಮಿಂದ ಒಂದು ವಿಷಯ ಮುಚ್ಚಿಡಬಾರದು. ಮನೆಯಲ್ಲಿ ಮುಚ್ಚಿಟ್ಟದ್ದೇ ಸಾಕು.

ಫೇಲಾದ ಮರುತಿಂಗಳು ಅತ್ತೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದೆಯೆಂದು ನಮ್ಮ ಆಸ್ಪತ್ರೆಯ ಹೃದಯದ ಡಾಕ್ಟರಿಗೆ ತೋರಿಸಿದೆವು. ನಾನು ‘ನಮ್ಮವನೇ’ ಎಂದು ಅವರು ನನ್ನೊಬ್ಬನನ್ನು ಒಳಗೆ ಕರೆದರು. ಹೃದಯ ಇರಬೇಕಾದ ಶಕ್ತಿಯ ಕಾಲು ಭಾಗದಲ್ಲಿ ಓಡುತ್ತಿದೆ, ಔಷಧ ಎಷ್ಟು ಎಳೆಯುತ್ತದೋ ಅಷ್ಟು, ಒಂದು ವರ್ಷ ಅಂದರೆ ಹೆಚ್ಚು ಎಂದರು. ಹೊರಗೆ ಬಂದೆ. ತಾಯಿ, ಮಗಳು ಬೆಂಚಿನ ಮೇಲೆ ಒಂದೇ ಭಂಗಿಯಲ್ಲಿ ಕೂತಿದ್ದರು.

“ಏನಂದ್ರು?”

“ಏನೂ ಇಲ್ಲ. ವಯಸ್ಸಾಯ್ತಲ್ಲ. ಉಪ್ಪು ಕಮ್ಮಿ ಮಾಡಿ ಅಂದ್ರು.”

ಅಂದಿನಿಂದ ನಾನು ಆ ಸುದ್ದಿಯನ್ನು, ತುಂಬಿದ ಬೆಡ್‌ಪ್ಯಾನ್ ಹಿಡಿದು ಕಾರಿಡಾರಿನಲ್ಲಿ ಎಲ್ಲಿಡಲಿ ಎಂದು ಹುಡುಕುವವನಂತೆ, ತುಳುಕದ ಹಾಗೆ ಹಿಡಿದುಕೊಂಡು ಓಡಾಡುತ್ತಿದ್ದೆ. ರಾತ್ರಿ ಉಸಿರು ಕಟ್ಟುತ್ತದೆ ಎಂದಾಗಲೆಲ್ಲ ಅತ್ತೆಯ ಬೆನ್ನಿಗೆ ಒಂದೊಂದು ದಿಂಬು ಸೇರಿಸುತ್ತಿದ್ದೆ. ಹೆಂಡತಿ ಉಪ್ಪಿನ ಡಬ್ಬಿಯ ಮೇಲೆ ಕಾವಲು ಕೂತಳು.

ಅಭ್ಯಾಸವಂತೂ ಭರದಿಂದ ಸಾಗಿತ್ತು. ಎದುರಿನವರ ಮಾತನ್ನು ಅವರಿಗೇ ತಿರುಗಿಸಿ, ಅದರೊಳಗಿನ ಭಾವನೆ ಎತ್ತಿ ತೋರಿಸಬೇಕೆಂಬುದು ಪುಸ್ತಕದ ಸೂತ್ರ. ನಾನು ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡೆ.

“ಅಳಿಯಂದ್ರೇ, ಕಾಫಿ ಆರಿಹೋಗಿದೆ.”

“ಕಾಫಿ ಆರಿಹೋಗಿರೋದು ನಿಮಗೆ ಬೇಸರ ತಂದಿದೆ ಅನ್ಸುತ್ತೆ.”

“ಬೇಸರ ಅಲ್ಲ, ತಣ್ಣಗಿದೆ. ಬಿಸಿ ಮಾಡ್ಕೊಂಡ್ ಬನ್ನಿ.”

“ಬಿಸಿ ಕಾಫಿ ಅಂದ್ರೆ ನಿಮ್ಮ ಮನಸ್ಸಿಗೆ ಏನು ಬರುತ್ತೆ, ಹೇಳಿ?”

“ಲೇ, ಬಾರೇ ಇಲ್ಲಿ! ನಿನ್ನ ಗಂಡನ್ನ ಸ್ವಲ್ಪ ಆ ಕಡೆ ಕರ್ಕೊಂಡ್ ಹೋಗು!”

ಹೆಂಡತಿಯ ಕಡೆ ಇನ್ನೂ ಕಷ್ಟ.

“ರೀ, ಸಿಲಿಂಡರ್ ಖಾಲಿಯಾಗಿದೆ ಅಂತ ಬೆಳಗಿಂದ ಮೂರು ಸಲ ಹೇಳಿದೀನಿ.”

“ಮೂರು ಸಲ ಹೇಳಿದ್ರೂ ಯಾರೂ ಕೇಳಿಸ್ಕೊಳ್ಳಲಿಲ್ಲ ಅನ್ನೋ ನೋವು...”

“ನೋವಲ್ಲ ರೀ, ಸಿಲಿಂಡರು!”

ಪರೀಕ್ಷೆಗೆ ಹತ್ತು ದಿನವಿತ್ತು. ಹೆಂಡತಿ ಕಾರ್ಖಾನೆಯಿಂದ ಬಂದಿರಲಿಲ್ಲ. ಅತ್ತೆಗೆ ಅಂದು ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಸಾಕು ಎಂದರೂ ಕೇಳದೆ ಕಾರ್ಡು ಎತ್ತಿದರು.

“ಪ್ರಶ್ನೆ. ರೋಗಿಗೆ ಅರವತ್ತೇಳು ವರ್ಷ. ಹೃದಯದ ಕಾಯಿಲೆ. ಮೊದಲು ಎರಡು ದಿಂಬು ಸಾಕಿತ್ತು, ಈಗ ನಾಲ್ಕು ಬೇಕು. ಅವಳು ನರ್ಸನ್ನ ಕೇಳ್ತಾಳೆ: ‘ನನಗೆ ಇನ್ನೆಷ್ಟು ದಿನ ಇದೆ?’”

ನಾನು ಕಿಟಕಿಯ ಕಡೆ ನಡೆಯುತ್ತಿದ್ದೆ. ತಿರುಗಿಯೂ ನೋಡಲಿಲ್ಲ. ಇಂಥ ಪ್ರಶ್ನೆ ಈಗ ನನಗೆ ನೀರು ಕುಡಿದಷ್ಟು ಸುಲಭ.

“‘ಆ ಯೋಚನೆ ನಿಮ್ಮನ್ನು ಕಾಡ್ತಾ ಇದೆ. ನಿಮಗೇನು ಗೊತ್ತಿದೆ, ಏನು ಭಯ ಇದೆ ಹೇಳಿ. ನಾನು ಇಲ್ಲೇ ಕೂತಿರ್ತೀನಿ.’ ಹೀಗಂದು ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂತ್ಕೋಬೇಕು” ಎಂದು, ಪ್ರಾತ್ಯಕ್ಷಿಕೆಯೂ ಇರಲಿ ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟೆ. “ಸರಿಯಾ?”

ಅತ್ತೆ ಕಾರ್ಡು ತಿರುಗಿಸಲಿಲ್ಲ.

“ಎಕ್ಸ್‌ಚೇಂಜಲ್ಲಿ ಒಂದೊಂದು ಸಲ ಹೀಗಾಗೋದು” ಎಂದರು. “ಲೈನ್ ಕೊಟ್ಟಿರ್ತೀವಿ. ಆ ಕಡೆಯವರಿಗೆ ಏನೋ ಕೆಟ್ಟ ಸುದ್ದಿ ಹೇಳೋದಿರುತ್ತೆ, ಹೇಳೋಕಾಗಲ್ಲ. ಈ ಕಡೆಯವರಿಗೆ ಗೊತ್ತಾಗಿರುತ್ತೆ, ಕೇಳೋಕಾಗಲ್ಲ. ಎರಡು ಕಡೆಯಿಂದಲೂ ಬರೀ ಉಸಿರು. ನಾನು ಹೆಡ್‌ಫೋನ್ ಹಾಕ್ಕೊಂಡು ಅದನ್ನ ಕೇಳ್ತಾ ಕೂತಿರಬೇಕು. ಕಟ್ ಮಾಡೋ ಹಾಗಿಲ್ಲ. ನಾಲ್ಕು ತಿಂಗಳಿಂದ ಈ ಮನೇಲಿ ನನಗೆ ಅದೇ ಕೆಲಸ ಆಗಿದೆ, ಅಳಿಯಂದ್ರೇ.”

ಅವರ ಕೈಯಲ್ಲಿದ್ದ ಕಾರ್ಡನ್ನು ಆಗ ನೋಡಿದೆ. ಕೈ ತೊಳೆಯುವ ಕ್ರಮದ ಬಗೆಗಿನ ಪ್ರಶ್ನೆ ಅದು.

“ನಿಮಗೆ ಹೇಗೆ...”

“ಆವತ್ತು ‘ಏನಂದ್ರು’ ಅಂತ ಕೇಳ್ದಾಗ ನೀವು ತಟ್ ಅಂತ ಉತ್ತರ ಕೊಟ್ರಲ್ಲ, ಆಗಲೇ. ಮದುವೆಯಾದಾಗಿಂದ ನನ್ನ ಯಾವ ಪ್ರಶ್ನೆಗೂ ನೀವು ಅಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ.”

ನನ್ನ ಬಾಯಿಂದ ಏನು ಬಂತು ಗೊತ್ತೆ? “ಏನೂ ಆಗಲ್ಲ ಅತ್ತೆ, ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ.”

“ನೋಡಿ!” ಎಂದರು ಅತ್ತೆ. “ಸರಿಯಾಗಿ ಬರೆದಿದ್ದನ್ನ ಹೊಡೆದು ಹಾಕಿ ಪಕ್ಕದಲ್ಲಿ ತಪ್ಪು ಬರೀತೀರಿ. ನೀವು ಫೇಲಾಗೋದು ಇದಕ್ಕೇ.”

ನಾನು ಅತ್ತುಬಿಟ್ಟೆ. ಅವರು ಹೊದಿಕೆಯ ತುದಿಯನ್ನು ನನ್ನ ಕಡೆ ನೂಕಿದರು. (ಸೋಂಕು ತಡೆಯಲ್ಲಿ ನನ್ನದು ‘ತೃಪ್ತಿಕರ’, ಆದರೂ ಮೂಗನ್ನು ಅದರಲ್ಲೇ ಒರೆಸಿಕೊಂಡೆ.) ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ವರ್ಷ ಅಂದಿದ್ದರು, ಅದರಲ್ಲಿ ನಾಲ್ಕು ತಿಂಗಳನ್ನು ನಾನೇ ತಿಂದು ಹಾಕಿದೆ ಅಂದೆ. ಅವರು ಬೆರಳು ಮಡಚಿ ಉಳಿದ ತಿಂಗಳುಗಳನ್ನು ಎಣಿಸಿದರು. ಮಡಚಿದ ಬೆರಳುಗಳನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಇವತ್ತೇ ಅವಳಿಗೆ ಹೇಳಿ. ನೀವೇ ಹೇಳಬೇಕು. ನಾನು ಬಾಯಿ ತೆಗೆದ್ರೆ ಎದ್ದು ಪಾತ್ರೆ ತೊಳೆಯೋಕೆ ಹೋಗ್ತಾಳೆ.”

ಸಂಜೆ ಹೆಂಡತಿ ಬಂದಳು. ಕೈಯಿಂದ ಕಾರ್ಖಾನೆಯ ಅಂಟಿನ ವಾಸನೆ ಹೋಗಲೆಂದು ಅಡುಗೆಮನೆಯ ನಲ್ಲಿಯಲ್ಲಿ ಉಜ್ಜುತ್ತಿದ್ದಳು. ನಾನು ಎರಡು ಕುರ್ಚಿ ಎದುರುಬದುರು ಹಾಕಿದೆ.

“ನಿನ್ನ ಹತ್ರ ಒಂದು ವಿಷಯ ಮಾತಾಡಬೇಕು. ಕೂತ್ಕೋತೀಯಾ?”

“ಇವತ್ತು ಬೇಡ ರೀ. ಸುಸ್ತಾಗಿದೆ.”

“ನಿನಗೆ ಸುಸ್ತಾಗಿದೆ...”

“ಅಭ್ಯಾಸ ಬೇಡ ಅಂದೆ! ಒಂದಿನ ನನ್ನ ಜೊತೆ ಮನುಷ್ಯರ ಥರ ಮಾತಾಡಿ!”

“ನಿಮ್ಮಮ್ಮನ ಹೃದಯ ಸೋಲ್ತಾ ಇದೆ. ವಾಸಿಯಾಗಲ್ಲ. ನನಗೆ ನಾಲ್ಕು ತಿಂಗಳಿಂದ ಗೊತ್ತಿತ್ತು” ಎಂದೆ. ಇದು ಯಾವ ಕಾರ್ಡಿನ ನಾಲ್ಕು ಉತ್ತರಗಳಲ್ಲೂ ಇರಲಿಲ್ಲ.

ಅವಳು ನಲ್ಲಿ ನಿಲ್ಲಿಸಿದಳು. ಹೊಲಿಗೆ ಬಿಟ್ಟ ಶೂವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನನ್ನು ನೋಡಿದಳು.

“ಉಪ್ಪು ಬಿಟ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ ನಾನು” ಎಂದಳು. “ನಾಲ್ಕು ತಿಂಗಳು ಅಮ್ಮನ ಮುಂದಿಂದ ತಟ್ಟೆ ಕಿತ್ಕೊಂಡಿದೀನಿ. ಬೈದಿದೀನಿ. ನಾಲಿಗೆ ಚಪಲ ಅಂದಿದೀನಿ ಅಮ್ಮಂಗೆ.”

ಒದ್ದೆ ಕೈಯಲ್ಲೇ ತಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ಯಾರೂ ಯಾರನ್ನೂ ಕೇಳಿಸಿಕೊಳ್ಳದೆ. ಪುಸ್ತಕದ ಪ್ರಕಾರ ಅದು ಪೂರ್ತಿ ತಪ್ಪು.

ಮರುದಿನ ಹೆಂಡತಿ ಕೆಲಸಕ್ಕೆ ರಜೆ ಹಾಕಿದಳು. ನನ್ನ ಪಾಲಿಗೆ ಉಳಿದದ್ದು ‘ಹೂಂ’, ‘ಇಲ್ಲ’, ‘ಅಲ್ಲಿದೆ’. ಆ ಬಾಗಿಲಿನಾಚೆ ಒಮ್ಮೊಮ್ಮೆ ನಗುವೂ ಕೇಳಿಸುತ್ತಿತ್ತು. ನಾನು ಹೋದರೆ ನಿಲ್ಲುತ್ತಿತ್ತು. ಹತ್ತು ದಿನ ಗೋಡೆಯ ಜೊತೆ ಅಭ್ಯಾಸ ಮಾಡಿದೆ. ಗೋಡೆ ಒಳ್ಳೆಯ ರೋಗಿ. ಏನು ಹೇಳಿದರೂ ಸಹಿಸಿಕೊಳ್ಳುತ್ತದೆ, ಅಳುವುದಿಲ್ಲ.

ಪರೀಕ್ಷೆ ಬರೆದೆ. ಮೂರು ವಾರಕ್ಕೆ ಫಲಿತಾಂಶ ಬಂತು. ಎಲ್ಲದರ ಮುಂದೆಯೂ ‘ತೃಪ್ತಿಕರ’, ಸಂವಹನದ ಮುಂದೆ ‘ಉತ್ತಮ’. ಅಷ್ಟು ಹೊತ್ತಿಗೆ ಅತ್ತೆ ನಮ್ಮ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡು ಸೇರಿ ಆರು ದಿನವಾಗಿತ್ತು. ಡಾಕ್ಟರು ಹೇಳಿದ್ದ ಒಂದು ವರ್ಷದಲ್ಲಿ ಆರು ತಿಂಗಳೂ ಕಳೆದಿರಲಿಲ್ಲ. ಇನ್ನು ಅವರ ಆರೈಕೆ ನನ್ನದೇ ಎಂದು ವೀರಾವೇಶದಿಂದ ದೊಡ್ಡ ಸಿಸ್ಟರ ಮುಂದೆ ನಿಂತೆ.

“ಸಂತೋಷ” ಎಂದು ಅವರು ಹೊಸ ಗುರುತಿನ ಚೀಟಿ ಕೊಟ್ಟರು. “ಆದ್ರೆ ಲೈಸೆನ್ಸ್ ಇದ್ದೋರು ಸ್ವಂತ ಮನೆಯವರನ್ನ ನೋಡಿಕೊಳ್ಳೋ ಹಾಗಿಲ್ಲ. ನಿಯಮ. ನಿಮ್ಮನ್ನ ಕೆಳಗಿನ ಮಹಡಿಗೆ ಹಾಕಿದೀನಿ.”

ಅರ್ಧ ಬ್ರದರ್ ಆಗಿದ್ದಾಗ ಹೋಗಿ ದಿಂಬು ಸರಿಮಾಡಿ ಬರುತ್ತಿದ್ದವನು ಪೂರ್ತಿ ಬ್ರದರ್ ಆದ ದಿನ ಮುಟ್ಟುವಂತಿಲ್ಲದವನಾದೆ! ಡ್ಯೂಟಿ ಮುಗಿಸಿ, ನೆಂಟರ ಸಾಲಿನಲ್ಲಿ ಎರಡನೇ ಮಹಡಿಯ ಬಾಗಿಲಿಗೆ ಹೋದೆ. ಕಾವಲುಗಾರ ತಡೆದ.

“ಒಬ್ಬರಿಗೇ ಚೀಟಿ. ಒಳಗೆ ಮಗಳಿದಾರೆ.”

“ನಾನು ಇಲ್ಲಿಯ ನರ್ಸು.”

“ಗೊತ್ತು ಬ್ರದರ್, ಇವತ್ತಿಂದ. ಆ ಬೆಂಚಲ್ಲಿ ಕೂತ್ಕೊಳ್ಳಿ.”

ಕೂತೆ. ಒಳಗೆ ಹೋಗುತ್ತಿದ್ದ ಆಯಾಳ ಕೈಗೆ ಫಲಿತಾಂಶದ ಹಾಳೆ ಕೊಟ್ಟು ಅತ್ತೆಗೆ ತೋರಿಸಲು ಬೇಡಿಕೊಂಡೆ. ಹತ್ತು ನಿಮಿಷಕ್ಕೆ ಅವಳು ಬಂದಳು.

“ಓದಿದ್ರಾ?”

“ಕನ್ನಡಕ ತರಿಸ್ಕೊಂಡು ಓದಿದ್ರು. ಸಂತೋಷ ಅಂದ್ರು.”

“ಅಷ್ಟೇನಾ?”

ಆಯಾ ಹಿಂದುಮುಂದು ನೋಡಿದಳು. “ಬೇಜಾರು ಮಾಡ್ಕೋಬೇಡಿ ಬ್ರದರ್. ‘ನನ್ನ ಮಗಳು ಮೂರು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ, ಒಂದೇ ಮನೇಲಿದ್ದೂ ಕಾಣಿಸಲಿಲ್ವಾ ಕೇಳು ಆ ನರ್ಸನ್ನ’ ಅಂದ್ರು.”

ಹಿಂದೆಯೇ ಹೆಂಡತಿ ಹೊರಗೆ ಬಂದಳು. ತಾಯಿಯೇ ಗದರಿಸಿ ಕಳಿಸಿದ್ದಿರಬೇಕು. ಆಗ ನೋಡಿದೆ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಕೈಗಡಿಯಾರ ಮೊಣಕೈಯ ಕಡೆಗೆ ಜಾರುತ್ತಿತ್ತು. ನಡೆಯುವಾಗ ಗೋಡೆ ಹಿಡಿದಳು. ಬೇರೆ ಯಾರಾದರೂ ಹೀಗೆ ಬಂದಿದ್ದರೆ ಬಾಗಿಲಲ್ಲೇ ಕೂರಿಸಿ ರಕ್ತದೊತ್ತಡ ನೋಡುತ್ತಿದ್ದೆ.

“ಊಟ?”

“ಆಯ್ತು.”

“ಯಾವಾಗ?”

ಅವಳು ಯೋಚಿಸಿದಳು. ನೆನಪಾಗಲಿಲ್ಲ.

ಕ್ಯಾಂಟೀನಿನಲ್ಲಿ ಹೊರಗಿನವರ ಕೌಂಟರ್ ಮುಚ್ಚಿತ್ತು. ಸಿಬ್ಬಂದಿಯ ಕೌಂಟರಿನಲ್ಲಿ ನನ್ನ ಹೊಸ ಚೀಟಿ ಚಾಚಿ ಎರಡು ಊಟ ಕೇಳಿದೆ.

“ಒಂದು ಚೀಟಿಗೆ ಒಂದೇ ತಟ್ಟೆ, ಬ್ರದರ್.”

ಆ ತಟ್ಟೆಯನ್ನು ಅವಳ ಮುಂದಿಟ್ಟೆ. ಸಂಭ್ರಮದಲ್ಲಿ ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಹೇಗೂ ಅವಳಿಗೆ ಸೇರುವುದಿಲ್ಲ, ಅರ್ಧ ಉಳಿಸುತ್ತಾಳೆ ಎಂದು ಎದುರಿಗೆ ಕೂತೆ. ಅವಳು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದಳು. ಆಮೇಲೆ ತಿನ್ನತೊಡಗಿದಳು. ಮಧ್ಯೆ ಒಮ್ಮೆ ಕಣ್ಣೊರೆಸಿಕೊಂಡಳು, ತುತ್ತು ನಿಲ್ಲಿಸಲಿಲ್ಲ. ಒಂದು ಅಗುಳೂ ಬಿಡಲಿಲ್ಲ. ನನ್ನ ಲೋಟದ ನೀರನ್ನೂ ಕುಡಿದಳು.

“ನಾಳೆ ಡ್ಯೂಟಿ ಎಷ್ಟೊತ್ತಿಗೆ ಬಿಡುತ್ತೆ?” ಒಂದು ತಿಂಗಳಲ್ಲಿ ಅವಳು ನನಗೆ ಹೇಳಿದ ಮೊದಲ ಪೂರ್ತಿ ವಾಕ್ಯ.

“ಎರಡೂವರೆಗೆ.”

“ಹಾಗಾದ್ರೆ ಮೂರಕ್ಕೆ ಮೇಲೆ ಬನ್ನಿ, ಚೀಟಿ ಕೊಡ್ತೀನಿ. ನಾನು ಬೆಂಚ್ ಮೇಲೆ ಸ್ವಲ್ಪ ಮಲಗ್ತೀನಿ. ಅಮ್ಮ ಮಾತಾಡೋಕೆ ಕಷ್ಟ ಪಡ್ತಾರೆ, ನೀವೂ ಏನೂ ಹೇಳೋಕೆ ಹೋಗಬೇಡಿ. ಸುಮ್ನೆ ಕೂತ್ಕೊಳ್ಳಿ.” ಎದ್ದು, ಮೆಟ್ಟಿಲ ಕಡೆ ಹೋದಳು. ಈ ಸಲ ಗೋಡೆ ಹಿಡಿಯಲಿಲ್ಲ.

ನಾನು ಖಾಲಿ ತಟ್ಟೆಯನ್ನು ಕೌಂಟರಿಗೆ ಒಯ್ದು ಕೊಟ್ಟೆ.

“ಊಟ ಹೇಗಿತ್ತು ಬ್ರದರ್?”

“ತುಂಬಾ ಚೆನ್ನಾಗಿತ್ತು” ಎಂದೆ.